ಎಣಿಸಿದರೆ ಸಾಲದು, ತೂಗಬೇಕು!

ಒಲೆಯ ಮೇಲೆ ಅನ್ನ ಬೇಯುತ್ತಿದೆ. ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಅಜ್ಜಿ ಪಾತ್ರೆಯಲ್ಲಿರುವ ಅಷ್ಟೂ ಅಗುಳನ್ನು ಹಿಸುಕಿ ನೋಡುತ್ತಾರೆಯೇ? ಇಲ್ಲ. ಸೌಟಿನಲ್ಲಿ ಒಂದಿಷ್ಟು ಮೇಲೆತ್ತಿ, ಒಂದೇ ಒಂದು ಅಗುಳನ್ನು ಬೆರಳ ನಡುವೆ ಅಮುಕಿ, "ಆಯ್ತು, ಇಳಿಸು" ಎನ್ನುತ್ತಾರೆ. ಆದರೆ ಅದೇ ಅಜ್ಜಿ ಸಂತೆಯಲ್ಲಿ ಮಾವಿನಹಣ್ಣು ಕೊಳ್ಳುವಾಗ ನೋಡಿ. ಒಂದು ಹಣ್ಣು ಚೆನ್ನಾಗಿದೆ ಎಂದು ಬುಟ್ಟಿಗೆ ಬುಟ್ಟಿಯನ್ನೇ ಚೀಲಕ್ಕೆ ಸುರಿಸಿಕೊಳ್ಳುವುದಿಲ್ಲ. ಒಂದೊಂದನ್ನೂ ತಿರುಗಿಸಿ, ಮೂಸಿ, ಮೆಲ್ಲಗೆ ಒತ್ತಿ ಆರಿಸುತ್ತಾರೆ.

ಅನ್ನಕ್ಕೆ ಒಂದು ನ್ಯಾಯ, ಮಾವಿಗೆ ಇನ್ನೊಂದು ನ್ಯಾಯ ಏಕೆ? ಅಕ್ಕಿಯೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ, ಒಟ್ಟಿಗೇ ಬೆಂದಿದೆ. ಒಂದು ಅಗುಳು ಉಳಿದವುಗಳ ಪರವಾಗಿ ಮಾತಾಡಬಲ್ಲದು. ಮಾವಿನಹಣ್ಣುಗಳು ಹಾಗಲ್ಲ. ಒಂದು ಮಾಗಿದ್ದರೆ ಪಕ್ಕದ್ದು ಕೊಳೆತಿರಬಹುದು, ಇನ್ನೊಂದು ಕಾಯಾಗಿಯೇ ಇರಬಹುದು. ಯಾವ ಸಾಕ್ಷಿ ಎಷ್ಟು ದೂರ ಮಾತಾಡಬಲ್ಲದು ಎಂಬುದನ್ನು ಅಜ್ಜಿ ಯಾವ ಶಾಲೆಯಲ್ಲೂ ಕಲಿಯದೆ ತಿಳಿದುಕೊಂಡಿದ್ದಾರೆ.

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಆದರೆ ಪ್ರಮಾಣಿಸಿ ನೋಡುವುದು ಹೇಗೆ? ನ್ಯಾಯಾಧೀಶರು ನೋಡುವ ಬಗೆ ಒಂದು, ವೈದ್ಯರದು ಇನ್ನೊಂದು, ಇತಿಹಾಸಕಾರರದು ಮತ್ತೊಂದು. ಗಣಿತಜ್ಞರದಂತೂ ಬೇರೆಯೇ ದಾರಿ. ಸೌದೆ ಡಿಪೊದ ತಕ್ಕಡಿಯಲ್ಲಿ ಚಿನ್ನ ತೂಗುವುದಿಲ್ಲ, ಅಕ್ಕಸಾಲಿಯ ತಕ್ಕಡಿಯಲ್ಲಿ ಸೌದೆ ತೂಗುವುದಿಲ್ಲ. ಹಾಗೆಯೇ ಇದೂ. ಬನ್ನಿ, ಒಂದೊಂದೇ ತಕ್ಕಡಿಯನ್ನು ನೋಡಿ ಬರೋಣ.

ನ್ಯಾಯಾಲಯದ ತಕ್ಕಡಿ

ಒಬ್ಬನ ಮೇಲೆ ಕಳ್ಳತನದ ಆರೋಪ ಬಂದಿದೆ ಎಂದುಕೊಳ್ಳಿ. ಅವನ ವಿರುದ್ಧ ಹತ್ತು ಜನ ಸಾಕ್ಷಿ ಹೇಳುತ್ತಾರೆ, ಪರವಾಗಿ ಒಬ್ಬನೇ. ಹತ್ತು ದೊಡ್ಡದೋ ಒಂದು ದೊಡ್ಡದೋ? ಲೆಕ್ಕದಲ್ಲಿ ಹತ್ತೇ ದೊಡ್ಡದು. ನ್ಯಾಯಾಲಯದಲ್ಲಿ ಹಾಗೆ ಹೇಳಲಾಗದು. ಒಂದು ಸಂಗತಿಯನ್ನು ಸಾಬೀತು ಮಾಡಲು ಇಂತಿಷ್ಟೇ ಸಾಕ್ಷಿಗಳು ಬೇಕೆಂಬ ನಿಯಮ ನಮ್ಮ ದೇಶದ ಕಾನೂನಿನಲ್ಲಿ ಇಲ್ಲ. 1872ರ ಭಾರತೀಯ ಸಾಕ್ಷ್ಯ ಕಾಯಿದೆಯಲ್ಲಿಯೇ ಈ ಮಾತಿತ್ತು. 2024ರ ಜುಲೈ 1ರಂದು ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಉಳಿದಿದೆ. ಸಾಕ್ಷಿಗಳನ್ನು ಎಣಿಸಬಾರದು, ತೂಗಬೇಕು ಎಂದು ವಕೀಲರು ಹೇಳುವುದು ಇದಕ್ಕೇ.

ತೂಗುವುದೆಂದರೆ ಏನು? ಆ ಹತ್ತು ಜನರೂ ಕಣ್ಣಾರೆ ಕಂಡವರೇ, ಅಥವಾ ಒಬ್ಬ ಹೇಳಿದ್ದನ್ನು ಉಳಿದ ಒಂಬತ್ತು ಜನ ಕೇಳಿ ಒಪ್ಪಿಸುತ್ತಿದ್ದಾರೆಯೇ? ಆಗ ಬೆಳಕಿತ್ತೇ? ಎಷ್ಟು ದೂರದಿಂದ ಕಂಡರು? ಆರೋಪಿಯ ಮೇಲೆ ಹಳೆಯ ಹಗೆಯೇನಾದರೂ ಇದೆಯೇ? ಹೀಗೆ ಪ್ರಶ್ನೆ ಕೇಳಿ ಕೇಳಿ ತೂಕ ನೋಡುವುದಕ್ಕೇ ಪಾಟೀಸವಾಲು ಇರುವುದು. ಇನ್ನೊಬ್ಬರು ಹೇಳಿದ್ದನ್ನು ಕೇಳಿ ಬಂದು ಹೇಳುವ ಮಾತಿಗೆ ಸಾಮಾನ್ಯವಾಗಿ ಅಲ್ಲಿ ಬೆಲೆಯಿಲ್ಲ.

ಇನ್ನೊಂದು ವಿಶೇಷವಿದೆ. ನ್ಯಾಯಾಲಯದಲ್ಲಿ ಇರುವುದೇ ಎರಡು ತಕ್ಕಡಿ. ಜಮೀನಿನ ಗಡಿ, ಸಾಲದ ಹಣ ಇಂಥ ಸಿವಿಲ್ ವ್ಯಾಜ್ಯಗಳಲ್ಲಿ ಯಾರ ಕಡೆ ತಕ್ಕಡಿ ಸ್ವಲ್ಪ ಹೆಚ್ಚು ವಾಲುತ್ತದೋ ಅವರು ಗೆಲ್ಲುತ್ತಾರೆ. ಆದರೆ ಒಬ್ಬರನ್ನು ಜೈಲಿಗೆ ಕಳಿಸುವ ಕ್ರಿಮಿನಲ್ ಮೊಕದ್ದಮೆಯಲ್ಲಿ ಸ್ವಲ್ಪ ವಾಲಿದರೆ ಸಾಲದು. ಸಕಾರಣವಾದ ಸಂಶಯ ಒಂದೂ ಉಳಿಯಬಾರದು. ನೂರು ಅಪರಾಧಿಗಳು ತಪ್ಪಿಸಿಕೊಂಡರೂ ಒಬ್ಬ ನಿರಪರಾಧಿಗೆ ಶಿಕ್ಷೆಯಾಗಬಾರದು ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ.

"ಅವನೇ ತಪ್ಪೊಪ್ಪಿಕೊಂಡ ಮೇಲೆ ಇನ್ನೇನು ಸಂಶಯ?" ಎನ್ನಬಹುದು. ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿ 1986ರಲ್ಲಿ ನಡೆದದ್ದನ್ನು ಕೇಳಿ. ಮೂರು ವರ್ಷಗಳ ಅಂತರದಲ್ಲಿ ಅಲ್ಲಿ ಎರಡು ಕೊಲೆಗಳಾಗಿದ್ದವು. ಪೊಲೀಸರು ವಿಚಾರಿಸಿದಾಗ 17 ವರ್ಷದ ಹುಡುಗನೊಬ್ಬ ಎರಡನೆಯದನ್ನು ತಾನೇ ಮಾಡಿದ್ದಾಗಿ ಒಪ್ಪಿಕೊಂಡ. ಅದೇ ಊರಿನ ಕಡೆಯ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರಿಸ್ ಎಂಬ ವಿಜ್ಞಾನಿ ಎರಡು ವರ್ಷಗಳ ಹಿಂದೆಯಷ್ಟೇ ಡಿಎನ್ಎ ಬೆರಳಚ್ಚಿನ ವಿಧಾನ ಕಂಡುಹಿಡಿದಿದ್ದರು. ಪರೀಕ್ಷೆ ಮಾಡಿದರೆ ಎಲ್ಲರಿಗೂ ಅಚ್ಚರಿ! ಎರಡೂ ಕೃತ್ಯ ಒಬ್ಬನದೇ, ಆದರೆ ಅವನು ಈ ಹುಡುಗನಲ್ಲ. ಹುಡುಗ ಬಿಡುಗಡೆಯಾದ. ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು. ಹೆದರಿಕೆಯಿಂದಲೋ ಗೊಂದಲದಿಂದಲೋ ಮನುಷ್ಯ ಮಾಡದ ತಪ್ಪನ್ನೂ ಒಪ್ಪಿಕೊಳ್ಳಬಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ ಎಂದು ನಮ್ಮ ಕಾನೂನು ಹೇಳುವುದು ಸುಮ್ಮನೆ ಅಲ್ಲ.

ಕಲ್ಲು ಹೇಳಿದ ಸಾಕ್ಷಿ

ಕಣ್ಣಾರೆ ಕಂಡವರೆಲ್ಲ ಸತ್ತು ಎರಡು ಸಾವಿರ ವರ್ಷಗಳಾಗಿದ್ದರೆ ಸಾಕ್ಷಿ ಯಾರು ಹೇಳಬೇಕು? ಇದು ಇತಿಹಾಸಕಾರರ ಕಷ್ಟ.

ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹದ ಶುದ್ಧತೆ ಪರೀಕ್ಷಿಸುವ ಅಧಿಕಾರಿಯಾಗಿದ್ದರು. ಯಾರೂ ಓದಲಾರದೆ ಹೋಗಿದ್ದ ಬ್ರಾಹ್ಮೀ ಲಿಪಿಯನ್ನು 1837ರಲ್ಲಿ ಅವರು ಓದಿಬಿಟ್ಟರು. ದೇಶದ ಹಲವು ಕಡೆ ಬಂಡೆಗಳ ಮೇಲೆ, ಕಂಬಗಳ ಮೇಲೆ ಒಬ್ಬನೇ ರಾಜ ಮಾತಾಡುತ್ತಿದ್ದ. ಅವನ ಹೆಸರು "ದೇವಾನಂಪಿಯ ಪಿಯದಸಿ". ಅಂದರೆ ದೇವರಿಗೆ ಪ್ರಿಯನಾದ ಪ್ರಿಯದರ್ಶಿ. ಯಾರೀತ? ಅಂಥ ಬಿರುದಿನ ರಾಜನೊಬ್ಬ ಲಂಕೆಯಲ್ಲಿದ್ದ. ಅವನೇ ಇರಬೇಕೆಂದು ಪ್ರಿನ್ಸೆಪ್ ಮೊದಲು ಊಹಿಸಿದರು. ಅಷ್ಟರಲ್ಲಿ ಲಂಕೆಯಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್, ಪಿಯದಸಿ ಎಂಬುದು ಮೌರ್ಯರ ಅಶೋಕನ ಹೆಸರು ಎಂದು ಪಾಲಿ ಗ್ರಂಥವೊಂದರಲ್ಲಿ ಕಂಡರು.

ಸರಿ, ಸಾಕ್ಷಿ ಸಿಕ್ಕಿತು. ಆದರೆ ಅದರ ತೂಕವೆಷ್ಟು? ಆ ಗ್ರಂಥ ಅಶೋಕ ಕಾಲವಾಗಿ ಎಷ್ಟೋ ಶತಮಾನಗಳ ಮೇಲೆ, ಸಮುದ್ರದಾಚೆ ಬರೆದದ್ದು. ವಿದ್ವಾಂಸರು ಬಹುಪಾಲು ಒಪ್ಪಿದರು. ಆದರೂ ಕಲ್ಲೇ ಬಾಯಿಬಿಟ್ಟು "ಅಶೋಕ" ಎಂದರೆ ಚೆನ್ನಾಗಿತ್ತು ಎಂಬ ಆಸೆ ಉಳಿಯಿತು.

ಆ ಕಲ್ಲು ಸಿಕ್ಕಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ! ಆಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ಅಲ್ಲಿನ ಬಂಡೆಯ ಮೇಲಿನ ಅಕ್ಷರಗಳು ಬಿದ್ದವು. ಓದಿ ನೋಡಿದರೆ "ದೇವಾನಂಪಿಯಸ ಅಸೋಕಸ" ಎಂದಿತ್ತು. ಬಿರುದು ಮತ್ತು ಹೆಸರು ಒಂದೇ ಕಲ್ಲಿನ ಮೇಲೆ, ಅವನದೇ ಕಾಲದ ಅಕ್ಷರಗಳಲ್ಲಿ ಜೊತೆಯಾಗಿದ್ದವು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳದಲ್ಲಿ, ಮಧ್ಯಪ್ರದೇಶದ ಗುಜರ್‍ರಾದಲ್ಲಿ ಸಿಕ್ಕ ಶಾಸನಗಳಲ್ಲೂ ಅಶೋಕನ ಹೆಸರು ಕಂಡಿತು. ಒಂದಕ್ಕೊಂದು ಸಂಬಂಧವಿಲ್ಲದ ದಾರಿಗಳಲ್ಲಿ ಬಂದ ಸಾಕ್ಷಿಗಳು ಒಂದೇ ಕಡೆಗೆ ಬೆರಳು ತೋರಿಸಿದಾಗ ಅವುಗಳ ತೂಕ ಹೆಚ್ಚುತ್ತದೆ.

ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವೂ ಸಿಕ್ಕಿದೆ. ಹಾಗಾದರೆ ಅಶೋಕನ ಮುಖ ಹಾಗೆಯೇ ಇತ್ತೇ? ಅವಸರ ಬೇಡ. ಆ ಶಿಲ್ಪ ಅವನ ಕಾಲದ್ದಲ್ಲ, ಬಹಳ ಮುಂದಿನದು. ಕೆತ್ತಿದ ಶಿಲ್ಪಿ ಅವನನ್ನು ಕಂಡವನಲ್ಲ. ಜನ ಅವನನ್ನು ನೆನೆಯುತ್ತಿದ್ದರು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಅವನ ಮೂಗು ಹೇಗಿತ್ತು ಎಂಬುದಕ್ಕೆ ಅಲ್ಲ.

ಇನ್ನೊಂದು ಸೂಕ್ಷ್ಮ ನೋಡಿ. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು ಎಂದು ಅಶೋಕನೇ ಶಾಸನದಲ್ಲಿ ಹೇಳಿ ದುಃಖಪಟ್ಟಿದ್ದಾನೆ. ರಾಜರು ಸಾಮಾನ್ಯವಾಗಿ ತಮ್ಮನ್ನು ಹೊಗಳಿಕೊಳ್ಳುವವರು. ತನ್ನಿಂದಾದ ನೋವನ್ನು ತಾನೇ ಹೇಳಿಕೊಂಡರೆ ಆ ಮಾತಿಗೆ ತೂಕ ಜಾಸ್ತಿ. ಆದರೆ ಲಕ್ಷ, ಒಂದೂವರೆ ಲಕ್ಷ ಎಂಬ ದುಂಡು ಸಂಖ್ಯೆಗಳನ್ನು ಇತಿಹಾಸಕಾರರು ಎಚ್ಚರದಿಂದಲೇ ನೋಡುತ್ತಾರೆ. ಒಬ್ಬನೇ ಸಾಕ್ಷಿಯ ಒಂದೇ ವಾಕ್ಯದಲ್ಲಿ ಒಂದು ಭಾಗಕ್ಕೆ ಹೆಚ್ಚು ತೂಕ, ಇನ್ನೊಂದಕ್ಕೆ ಕಡಿಮೆ!

ಎರಡು ಕಿತ್ತಳೆ, ಒಂದು ನಿಂಬೆ

ಈಗ ವೈದ್ಯರ ತಕ್ಕಡಿ. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿರುತ್ತಿದ್ದ ನಾವಿಕರಿಗೆ ಸ್ಕರ್ವಿ ಎಂಬ ರೋಗ ಬರುತ್ತಿತ್ತು. ವಸಡಿನಲ್ಲಿ ರಕ್ತ, ಅಲ್ಲಾಡುವ ಹಲ್ಲು, ಮೈಯಲ್ಲಿ ಶಕ್ತಿಯಿಲ್ಲ, ಕೊನೆಗೆ ಸಾವು. ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಿದ್ದರು. ಪ್ರತಿಯೊಬ್ಬರ ಬಳಿಯೂ "ಇದರಿಂದ ಇಂಥವನಿಗೆ ಗುಣವಾಯಿತು" ಎಂಬ ಕಥೆ ಇತ್ತು.

1747ರಲ್ಲಿ ಸಾಲ್ಸ್‌ಬರಿ ಎಂಬ ಬ್ರಿಟಿಷ್ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಬೇರೆ ದಾರಿ ಹಿಡಿದರು. ರೋಗ ಒಂದೇ ಹಂತದಲ್ಲಿದ್ದ 12 ನಾವಿಕರನ್ನು ಆರಿಸಿದರು. ಎಲ್ಲರಿಗೂ ಒಂದೇ ಜಾಗ, ಒಂದೇ ಊಟ. ಇಬ್ಬಿಬ್ಬರ ಆರು ಜೋಡಿ ಮಾಡಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟರು. ಒಂದು ಜೋಡಿಗೆ ಸೇಬಿನ ಮದ್ಯ, ಒಂದಕ್ಕೆ ನೀರು ಬೆರೆಸಿದ ಆಮ್ಲ, ಒಂದಕ್ಕೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಬೆಳ್ಳುಳ್ಳಿ ಸಾಸಿವೆ ಮುಂತಾದವುಗಳ ಲೇಹ್ಯ, ಕೊನೆಯ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಆರೇ ದಿನಕ್ಕೆ ಹಣ್ಣು ಮುಗಿದುಹೋಯಿತು. ಅಷ್ಟರಲ್ಲೇ ಹಣ್ಣು ತಿಂದವರಲ್ಲಿ ಒಬ್ಬ ಕೆಲಸಕ್ಕೆ ಎದ್ದು ನಿಂತಿದ್ದ. ಇನ್ನೊಬ್ಬ ಉಳಿದ ರೋಗಿಗಳ ಆರೈಕೆ ಮಾಡುವಷ್ಟು ಚೇತರಿಸಿಕೊಂಡಿದ್ದ.

ಹಣ್ಣು ತಿಂದವರು ಇಬ್ಬರೇ. ಆದರೂ ನೂರು ಕಥೆಗಳಿಗಿಂತ ಈ ಸಾಕ್ಷಿ ಏಕೆ ಗಟ್ಟಿ? ಏಕೆಂದರೆ ಪಕ್ಕದಲ್ಲೇ ಹೋಲಿಸಿ ನೋಡಲು ಹಣ್ಣು ತಿನ್ನದ ಹತ್ತು ಜನ ಇದ್ದರು. ನೆಗಡಿಗೆ ಕಷಾಯ ಕುಡಿದರೆ ವಾರದಲ್ಲಿ ವಾಸಿಯಾಗುತ್ತದೆ, ಕುಡಿಯದಿದ್ದರೂ ವಾರದಲ್ಲಿ ವಾಸಿಯಾಗುತ್ತದೆ. ಕುಡಿಯದವರನ್ನೂ ನೋಡದಿದ್ದರೆ ಕಷಾಯದ ಮಹಿಮೆ ಎಷ್ಟೆಂದು ತಿಳಿಯುವುದು ಹೇಗೆ?

ಕಥೆ ಇಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ಲಿಂಡ್ 1753ರಲ್ಲಿ ಪುಸ್ತಕ ಬರೆದರು. ಆದರೆ ರೋಗಕ್ಕೆ ಬೇರೆ ಬೇರೆ ಕಾರಣಗಳಿವೆ ಎಂದು ಅವರೇ ನಂಬಿದ್ದರು. ಹಣ್ಣಿನ ರಸವನ್ನು ಕಾಯಿಸಿ ಗಟ್ಟಿ ಮಾಡಿ ಇಟ್ಟುಕೊಳ್ಳುವ ಸಲಹೆಯನ್ನೂ ಕೊಟ್ಟರು. ಕಾಯಿಸಿದರೆ ಅದರ ಗುಣ ಹೋಗುತ್ತದೆಂದು ಆಗ ಗೊತ್ತಿರಲಿಲ್ಲ. ಸಿ ಜೀವಸತ್ವ ಏನೆಂದು ತಿಳಿದದ್ದು 1930ರ ದಶಕದಲ್ಲಿ. ಬ್ರಿಟಿಷ್ ನೌಕಾಪಡೆ ತನ್ನ ನಾವಿಕರಿಗೆಲ್ಲ ನಿಂಬೆರಸ ಕೊಡಲು ಮುಂದಾದದ್ದು 1795ರಲ್ಲಿ. ಪ್ರಯೋಗ ಮಾಡಿ ಅಷ್ಟರಲ್ಲಿ 48 ವರ್ಷ ಕಳೆದಿತ್ತು. ಕಣ್ಣೆದುರಿಗಿದ್ದ ಸಾಕ್ಷಿಯನ್ನು ಸರಿಯಾಗಿ ತೂಗದ ತಪ್ಪಿಗೆ ಆ ವರ್ಷಗಳಲ್ಲಿ ಸತ್ತ ನಾವಿಕರು ಬೆಲೆ ತೆತ್ತರು.

ಇಂದಿನ ಪರೀಕ್ಷೆಗಳು ಇನ್ನೂ ಬಿಗಿ. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಔಷಧದ ಪರೀಕ್ಷೆ ಪ್ರಕಟವಾಯಿತು. ಯಾರಿಗೆ ಔಷಧ, ಯಾರಿಗೆ ಬರಿಯ ವಿಶ್ರಾಂತಿ ಎಂಬುದನ್ನು ವೈದ್ಯರು ಆರಿಸಲಿಲ್ಲ. ಚೀಟಿ ಎತ್ತಿದಂತೆ, ಮುಚ್ಚಿದ ಲಕೋಟೆಗಳು ತೀರ್ಮಾನಿಸಿದವು. ಗಟ್ಟಿಮುಟ್ಟಾದವರನ್ನೇ ಆರಿಸಿ ಔಷಧ ಕೊಟ್ಟು "ನೋಡಿ, ಗುಣವಾಯಿತು" ಎನ್ನಲು ಅವಕಾಶವೇ ಇರಲಿಲ್ಲ. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಮಂದಿ ತೀರಿಕೊಂಡರು. ಪಡೆಯದ 52 ಜನರಲ್ಲಿ 14 ಮಂದಿ.

ಗಣಿತಕ್ಕೆ ಸಾವಿರ ಸಾಕ್ಷಿಯೂ ಸಾಲದು

ಮಕ್ಕಳೇ, ಈಗ ಪೆನ್ಸಿಲ್ ತೆಗೆದುಕೊಳ್ಳಿ. 41 ಬರೆಯಿರಿ. ಅದಕ್ಕೆ 2 ಕೂಡಿಸಿ, 43. ಅದಕ್ಕೆ 4 ಕೂಡಿಸಿ, 47. ಆಮೇಲೆ 6 ಕೂಡಿಸಿ, 53. ಮುಂದೆ 8, 10, 12 ಹೀಗೆ ಕೂಡಿಸುತ್ತಾ ಹೋಗಿ. 61, 71, 83 ಬರುತ್ತವೆ. ಇವೆಲ್ಲ ಅವಿಭಾಜ್ಯ ಸಂಖ್ಯೆಗಳು. ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದವು. ಹತ್ತು ಬಾರಿ ನೋಡಿ, ಇಪ್ಪತ್ತು ಬಾರಿ ನೋಡಿ, ಅವಿಭಾಜ್ಯವೇ ಬರುತ್ತದೆ. 1601ರವರೆಗೆ ಒಟ್ಟು 40 ಸಂಖ್ಯೆಗಳು ಒಂದೂ ತಪ್ಪದೆ ಹಾಗೆಯೇ ಇವೆ. "ಯಾವಾಗಲೂ ಹೀಗೆಯೇ" ಎಂದು ಪಂದ್ಯ ಕಟ್ಟೋಣವೇ?

ಕಟ್ಟಿದರೆ ಸೋತಿರಿ! 1601ಕ್ಕೆ 80 ಕೂಡಿಸಿದರೆ 1681. ಅದು 41 ಗುಣಿಸು 41. ನಲವತ್ತು ಸಾಕ್ಷಿಗಳು ಕಟ್ಟಿದ್ದನ್ನು ನಲವತ್ತೊಂದನೆಯದು ಕೆಡವಿತು.

1742ರಲ್ಲಿ ಗೋಲ್ಡ್‌ಬಾಕ್ ಎಂಬವರು ಆಯ್ಲರ್ ಎಂಬ ಮಹಾ ಗಣಿತಜ್ಞರಿಗೆ ಬರೆದ ಪತ್ರದಿಂದ ಹುಟ್ಟಿದ ಪ್ರಶ್ನೆಯೊಂದಿದೆ. 2ಕ್ಕಿಂತ ದೊಡ್ಡದಾದ ಪ್ರತಿ ಸಮಸಂಖ್ಯೆಯನ್ನೂ ಎರಡು ಅವಿಭಾಜ್ಯಗಳ ಮೊತ್ತವಾಗಿ ಬರೆಯಬಹುದೇ? 8 ಎಂದರೆ 3 ಮತ್ತು 5. 20 ಎಂದರೆ 7 ಮತ್ತು 13. ಕಂಪ್ಯೂಟರ್‌ಗಳು 4ರ ಮುಂದೆ 18 ಸೊನ್ನೆ ಹಾಕಿದಷ್ಟು ದೊಡ್ಡ ಸಂಖ್ಯೆಯವರೆಗೆ ಪರೀಕ್ಷಿಸಿವೆ, ಎಲ್ಲೂ ತಪ್ಪಿಲ್ಲ. ಆದರೂ ಗಣಿತಜ್ಞರು "ಸಾಧಿತವಾಯಿತು" ಎನ್ನುವುದಿಲ್ಲ. ಎಲ್ಲ ಸಂಖ್ಯೆಗಳಿಗೂ ಒಪ್ಪುವ ತರ್ಕ ಬೇಕು ಅವರಿಗೆ. ವೈದ್ಯರು ಹೀಗೆ ಕಾಯುತ್ತಾ ಕುಳಿತರೆ ರೋಗಿ ಉಳಿಯುವುದಿಲ್ಲ. ಗಣಿತಕ್ಕೆ ಮಾತ್ರ ಅವಸರವಿಲ್ಲ.

ತಕ್ಕಡಿಯೇ ಕೆಟ್ಟಿದ್ದರೆ?

ಯುರೋಪಿನ ಸರ್ನ್ ಪ್ರಯೋಗಾಲಯದ ವಿಜ್ಞಾನಿಗಳು 2012ರ ಜುಲೈ 4ರಂದು ಹಿಗ್ಸ್ ಬೋಸಾನ್ ಎಂಬ ಹೊಸ ಕಣವನ್ನು ಕಂಡಂತಿದೆ ಎಂದು ಸಾರಿದರು. ಹಾಗೆ ಸಾರುವ ಮುನ್ನ ಅವರು ಪಾಲಿಸುವ ನಿಯಮ ಕಠಿಣ. ಕಂಡದ್ದು ಬರಿಯ ಆಕಸ್ಮಿಕವಾಗಿರುವ ಸಾಧ್ಯತೆ ಸುಮಾರು 35 ಲಕ್ಷದಲ್ಲಿ ಒಂದಕ್ಕಿಂತ ಹೆಚ್ಚಿರಬಾರದು. ನಾಣ್ಯ ಚಿಮ್ಮಿದಾಗ ಸತತ 22 ಬಾರಿ ತಲೆಯೇ ಬೀಳುವಷ್ಟು ಅಪರೂಪ ಅದು.

ಆದರೆ ಇಷ್ಟು ಬಿಗಿಯಾಗಿ ತೂಗಿದರೂ ಮೋಸಹೋಗುವುದುಂಟು. ಅದಕ್ಕೆ ಹಿಂದಿನ ವರ್ಷ, 2011ರ ಸೆಪ್ಟೆಂಬರಿನಲ್ಲಿ, ಸರ್ನ್‌ನಿಂದ ಸುಮಾರು 730 ಕಿಲೋಮೀಟರ್ ದೂರದ ಇಟಲಿಗೆ ಕಳಿಸಿದ ನ್ಯೂಟ್ರಿನೊ ಕಣಗಳು ಬೆಳಕಿಗಿಂತ ಬೇಗ ತಲುಪಿದಂತೆ ಕಂಡಿತು. ವ್ಯತ್ಯಾಸ ಒಂದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ 60 ಭಾಗ. 15,000ಕ್ಕೂ ಹೆಚ್ಚು ಕಣಗಳನ್ನು ಅಳೆದಿದ್ದರು. ನಿಜವಾಗಿದ್ದರೆ ಐನ್‌ಸ್ಟೀನರ ಸಿದ್ಧಾಂತವೇ ಅಲ್ಲಾಡುತ್ತಿತ್ತು. ಆದರೆ ಆ ವಿಜ್ಞಾನಿಗಳು ಜಂಬ ಕೊಚ್ಚಲಿಲ್ಲ. "ನಮ್ಮ ಲೆಕ್ಕದಲ್ಲಿ ತಪ್ಪಿದೆಯೇ ನೋಡಿ" ಎಂದು ಜಗತ್ತಿನ ಮುಂದಿಟ್ಟರು. ಕೆಲವು ತಿಂಗಳಲ್ಲಿ ಮುಖ್ಯ ಕಾರಣ ಸಿಕ್ಕಿತು. ಸರಿಯಾಗಿ ಜೋಡಿಸದ ಒಂದು ಕೇಬಲ್! ಕೆಟ್ಟ ತಕ್ಕಡಿಯಲ್ಲಿ ಹದಿನೈದು ಸಾವಿರ ಬಾರಿ ತೂಗಿದರೂ ಬರುವುದು ಅದೇ ತಪ್ಪು ತೂಕ.

ಇನ್ನು ನಮ್ಮ ಮನೆಯ ತಕ್ಕಡಿ

ಇದೆಲ್ಲ ದೊಡ್ಡವರ ದೊಡ್ಡ ವಿಷಯ ಎನ್ನಬೇಡಿ. ಅಜ್ಜನ ಮೊಬೈಲಿಗೆ ಬೆಳಿಗ್ಗೆ ಒಂದು ಸಂದೇಶ ಬರುತ್ತದೆ. "ಈ ಸೊಪ್ಪಿನ ರಸ ಕುಡಿದರೆ ಸಕ್ಕರೆ ಕಾಯಿಲೆ ಮಾಯ, ಮಾತ್ರೆ ಬಿಟ್ಟುಬಿಡಿ." ಮಧ್ಯಾಹ್ನದೊಳಗೆ ಅದೇ ಸಂದೇಶ ಐದು ಗುಂಪುಗಳಿಂದ ಬರುತ್ತದೆ. "ಎಲ್ಲರೂ ಹೇಳುತ್ತಿದ್ದಾರೆ" ಎನಿಸುತ್ತದೆ. ಆದರೆ ಅಲ್ಲಿರುವುದು ಐದು ಸಾಕ್ಷಿಗಳಲ್ಲ. ಒಂದೇ ಬಾಯಿಯ ಐದು ಪ್ರತಿಧ್ವನಿ. ನ್ಯಾಯಾಧೀಶರು ಕೇಳುವಂತೆ ಕೇಳಬೇಕು: ಕಣ್ಣಾರೆ ಕಂಡವರು ಯಾರು? ಲಿಂಡ್ ಕೇಳಿದಂತೆ ಕೇಳಬೇಕು: ರಸ ಕುಡಿಯದವರಿಗೆ ಏನಾಯಿತು?

ಎಲ್ಲದಕ್ಕೂ ಇಷ್ಟು ವಿಚಾರಣೆ ಬೇಕೆಂದಲ್ಲ. ನಿಂಬೆಸಿಪ್ಪೆಯಿಂದ ಹಿತ್ತಾಳೆ ದೀಪ ಹೊಳೆಯುತ್ತದೆ ಎಂದು ಪಕ್ಕದ ಮನೆಯವರು ಹೇಳಿದರೆ ಇವತ್ತೇ ಉಜ್ಜಿ ನೋಡಿ. ಸುಳ್ಳಾದರೆ ಹೋಗುವುದು ಒಂದು ಸಿಪ್ಪೆ. ಮಾತ್ರೆ ಬಿಡುವ ಮಾತು ಹಾಗಲ್ಲ, ಅಲ್ಲಿ ತಪ್ಪಿದರೆ ಹೋಗುವುದು ಆರೋಗ್ಯ, ಕೆಲವೊಮ್ಮೆ ಜೀವ. ಅದನ್ನು ಚಿನ್ನದ ತಕ್ಕಡಿಯಲ್ಲೇ ತೂಗಬೇಕು. ಅಂದರೆ ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬಾರದು. ಶಾಲೆಯಲ್ಲೂ ಹೀಗೆಯೇ. ಕಳೆದುಹೋದ ಪೆನ್ನನ್ನು ಇಂಥವನೇ ಕದ್ದ ಎಂದು ಇಡೀ ತರಗತಿ ಹೇಳಿದರೂ, ಕಂಡವರು ಯಾರೂ ಇಲ್ಲದಿದ್ದರೆ ಆ ಹುಡುಗನನ್ನು ಕಳ್ಳ ಎನ್ನಬಾರದು. ಪೆನ್ನು ಹತ್ತು ರೂಪಾಯಿಗೆ ಸಿಗುತ್ತದೆ, ಹೋದ ಹೆಸರು ಸಿಗುವುದಿಲ್ಲ.

ಅಜ್ಜ-ಅಜ್ಜಿ, ಮೊಮ್ಮಕ್ಕಳು ಸೇರಿ ಮಾಡಿ

ಈ ವಾರ ಮನೆಗೆ ಬಂದ ಯಾವುದಾದರೂ ಒಂದು ಸುದ್ದಿಯನ್ನೋ ಮನೆಮದ್ದನ್ನೋ ಆರಿಸಿಕೊಳ್ಳಿ. ಒಟ್ಟಿಗೆ ಕುಳಿತು ಈ ಐದು ಪ್ರಶ್ನೆ ಕೇಳಿ.

1. ಹೇಳುವವರು ತಾವೇ ಕಂಡದ್ದೋ, ಇನ್ನೊಬ್ಬರಿಂದ ಕೇಳಿದ್ದೋ?
2. ಹಲವರು ಹೇಳುತ್ತಿದ್ದರೆ, ಅವರೆಲ್ಲರಿಗೂ ಸುದ್ದಿ ಬಂದದ್ದು ಒಂದೇ ಕಡೆಯಿಂದಲೋ, ಬೇರೆ ಬೇರೆ ದಾರಿಯಿಂದಲೋ?
3. ಹೀಗೆ ಹೇಳುವುದರಿಂದ ಅವರಿಗೇನಾದರೂ ಲಾಭವಿದೆಯೇ?
4. ಹೋಲಿಸಿ ನೋಡಲು ಇನ್ನೊಂದು ಗುಂಪು ಇದೆಯೇ?
5. ನಂಬಿ ಮೋಸಹೋದರೆ ನಷ್ಟವೆಷ್ಟು? ನಂಬದೆ ಹೋದರೆ ನಷ್ಟವೆಷ್ಟು?

ಮೊದಲ ನಾಲ್ಕರಿಂದ ಸಾಕ್ಷಿಯ ತೂಕ ತಿಳಿಯುತ್ತದೆ. ಎಷ್ಟು ತೂಕವಿದ್ದರೆ ಸಾಕು ಎಂಬುದನ್ನು ಐದನೆಯದು ಹೇಳುತ್ತದೆ. ಇವುಗಳಿಗೆ ಉತ್ತರ ಸಿಗದಿದ್ದರೆ "ಇನ್ನೂ ಗೊತ್ತಿಲ್ಲ" ಎಂದು ಹೇಳಿ ಸುಮ್ಮನಾಗಬಹುದು. ಗೋಲ್ಡ್‌ಬಾಕರ ಪ್ರಶ್ನೆಗೆ ಗಣಿತಜ್ಞರು ಇನ್ನೂರ ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಹೇಳುತ್ತಿರುವುದು ಅದನ್ನೇ. ಅದರಿಂದ ಅವರ ಮರ್ಯಾದೆಯೇನೂ ಕಡಿಮೆಯಾಗಿಲ್ಲ.